ಎರಗದೆ ಉಳಿದ ಏಟು

ಶಾಲೆಯ ದಿನಗಳಲ್ಲಿ ನಮ್ಮ ಡ್ರಿಲ್ ಮೇಷ್ಟ್ರಿಗೂ ನನಗೂ ಮುಗಿಯದ ವಾದವೊಂದಿತ್ತು: ಮುಹಮ್ಮದ್ ಅಲಿಯ ಗುದ್ದಿನಲ್ಲಿ ನಿಜಕ್ಕೂ ಬಲವಿತ್ತೇ? ಹೇಳಿಕೊಳ್ಳುವಷ್ಟು ಇರಲಿಲ್ಲವೆಂಬುದು ಅವರ ಪಕ್ಷ. ಅಂಕಿಗಳೂ ಅವರ ಕಡೆಗೇ ಇವೆ. ಅಲಿ ಗೆದ್ದ 56 ಪಂದ್ಯಗಳಲ್ಲಿ ನಾಕೌಟ್ 37; ಜಾರ್ಜ್ ಫೋರ್‌ಮನ್ ಗೆದ್ದ 76ರಲ್ಲಿ 68.

ಆದರೂ 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ನೆಲಕ್ಕುರುಳಿದವನು ಫೋರ್‌ಮನ್. ಎರಡನೆಯ ಸುತ್ತಿನಿಂದಲೇ ಹಗ್ಗಕ್ಕೊರಗಿ, ಅವನ ಏಟುಗಳನ್ನು ತೋಳು ಪಕ್ಕೆಗಳ ಮೇಲೆ ತಾಳಿಕೊಂಡ ಅಲಿ, ದಣಿದ ಎದುರಾಳಿಯನ್ನು ಎಂಟನೆಯ ಸುತ್ತಿನಲ್ಲಿ ಕೆಡವಿದ. ಬಲಕ್ಕಿಂತ ಸಮಯಪ್ರಜ್ಞೆ ದೊಡ್ಡದೆಂದು ನಾನು ವಾದಿಸುತ್ತಿದ್ದೆ.

ನಿವೃತ್ತನಾದ ಮೇಲೆ ಆ ಪಂದ್ಯವನ್ನು ಕಂಪ್ಯೂಟರಿನಲ್ಲಿ ಕಣ್ಣಾರೆ ನೋಡಿದೆ. ಫೋರ್‌ಮನ್ ತತ್ತರಿಸಿ ಬೀಳುತ್ತಿರುವಾಗ ಅಲಿಯ ಬಲಗೈ ಇನ್ನೊಂದು ಏಟಿಗೆ ಸಿದ್ಧವಾಗಿಯೇ ಇದೆ. ಆದರೆ ಅದು ಎರಗುವುದಿಲ್ಲ. ನಮ್ಮಿಬ್ಬರ ವಾದದಲ್ಲಿ ಈ ಏಟು ಲೆಕ್ಕಕ್ಕೇ ಬಂದಿರಲಿಲ್ಲ.

ತರಗತಿಯಲ್ಲಿ ನನ್ನ ಕೈಯಲ್ಲೂ ಬೆತ್ತವಿತ್ತು. ತಪ್ಪೊಪ್ಪಿಕೊಂಡು ತಲೆತಗ್ಗಿಸಿ ನಿಂತ ಹುಡುಗನಿಗೂ ಮತ್ತೊಂದೇಟು ಕೊಟ್ಟದ್ದುಂಟು. ಇದನ್ನು ಓದುತ್ತಿರುವ ನಿಮ್ಮಲ್ಲಿ ಅಂಥವರಿದ್ದರೆ, ಕ್ಷಮಿಸಿ. ಕೈಯನ್ನು ತಡೆಯುವ ಬಲ ನನಗೆ ಆಗ ಇರಲಿಲ್ಲ.