ಮಾವನ ಗಡ್ಡೆ, ನನ್ನ ಬಕೆಟ್

ಅಪ್‌ಲೋಡ್, ಕಾಪಿ, ಡೌನ್‌ಲೋಡ್. ಆಫೀಸಿನಲ್ಲಿ ಇವು ಮೂರೂ ತಲಾ ಒಂದೊಂದು ಸಾಲಿನ ಕೆಲಸ. ಪೈಥಾನ್‌ನಲ್ಲಿ ಬೋಟೊ3 ಅನ್ನೋ ಲೈಬ್ರರಿ ಇದೆ. ಫೈಲಿನ ಹೆಸರು, ಬಕೆಟ್ಟಿನ ಹೆಸರು ಕೊಟ್ಟರೆ ಉಳಿದದ್ದನ್ನೆಲ್ಲ ಅದೇ ನೋಡಿಕೊಳ್ಳುತ್ತೆ. ದಿನಕ್ಕೆ ಸಾವಿರಾರು ಇನ್‌ವಾಯ್ಸ್‌ಗಳು ನಾವು ಬರೆದ ಕೋಡ್ ಮೂಲಕ ಅಮೆಜಾನ್ ಎಸ್3ಗೆ ಹೋಗುತ್ತವೆ, ಬರುತ್ತವೆ. ಅವುಗಳಲ್ಲಿ ಒಂದನ್ನೂ ನಾನು ತೆರೆದು ನೋಡಿದವನಲ್ಲ. ಒಂದು ಕಳೆದುಹೋದರೆ ಅಕೌಂಟ್ಸ್‌ನವರು ಇನ್ನೊಂದು ಪ್ರಿಂಟ್ ತೆಗೀತಾರೆ, ಅಷ್ಟೆ.

ಇನ್ನೊಂದು ಪ್ರಿಂಟ್ ತೆಗೆಯೋಕೆ ಆಗದ ಫೈಲುಗಳು ನನ್ನ ಕೈಗೆ ಬಂದಿದ್ದು ಸೋದರಮಾವನಿಂದ. ಮಾವ ವಿರೂಪಾಪುರಗಡ್ಡೆಯ ಒಂದು ಗೆಸ್ಟ್‌ಹೌಸಿನಲ್ಲಿ ಅಡುಗೆಯವರಾಗಿದ್ದರು. ಹಂಪಿ ನೋಡಿದವರಿಗೆ ಗಡ್ಡೆ ಗೊತ್ತಿರುತ್ತೆ. ವಿರೂಪಾಕ್ಷ ದೇವಸ್ಥಾನದ ಕಡೆಯಿಂದ ದೋಣಿ ಹತ್ತಿ ತುಂಗಭದ್ರೆ ದಾಟಿದರೆ ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕು. ಭತ್ತದ ಗದ್ದೆ, ಅದರಾಚೆ ಬಂಡೆಗುಡ್ಡ, ನಡುವೆ ಗುಡಿಸಲು, ಜೋಕಾಲಿ, ಹೀಬ್ರೂ ಅಕ್ಷರದ ಮೆನು ಬೋರ್ಡು. ಇಂಗ್ಲಿಷ್ ಪತ್ರಿಕೆಗಳು ಅದನ್ನ ಹಿಪ್ಪಿ ಐಲ್ಯಾಂಡ್ ಅಂತ ಕರೀತಿದ್ವು. ಹತ್ತನೇ ಕ್ಲಾಸ್ ದಾಟದ ನಮ್ಮ ಮಾವ ಅಲ್ಲಿ ಹಮ್ಮಸ್ ಮಾಡೋದು ಕಲಿತಿದ್ದರು. ಅದಕ್ಕೆ ಹಾಕೋ ಕಡಲೆ ಮಾತ್ರ ಗಂಗಾವತಿ ಸಂತೆಯದು.

2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಕಟ್ಟಡಗಳು ಅಕ್ರಮ ಅಂತ ಹೇಳಿತು. ಮಾರ್ಚ್ ಮೊದಲ ವಾರದಲ್ಲಿ ಜೆಸಿಬಿಗಳು ಬಂದವು. ತಿಂಗಳು ಮುಗಿಯೋದರೊಳಗೆ ಲಾಕ್‌ಡೌನ್. ಹಂಪಿ 1986ರಿಂದ ವಿಶ್ವ ಪರಂಪರೆ ತಾಣ, ಸಂರಕ್ಷಿತ ಪ್ರದೇಶದಲ್ಲಿ ಮನಸ್ಸಿಗೆ ಬಂದ ಹಾಗೆ ಕಟ್ಟುವಂತಿಲ್ಲ ಅನ್ನೋದನ್ನ ನಾನು ಒಪ್ತೇನೆ. ಮಾವನೂ ಒಪ್ತಾರೆ. ಆದರೆ ಅವರ ಹನ್ನೊಂದು ವರ್ಷದ ದುಡಿಮೆ ನಡೆದ ಜಾಗ ಇವತ್ತು ಹೋಗಿ ತೋರಿಸೋಕೆ ಇಲ್ಲ. ಫೋಟೊದಲ್ಲಿ ಮಾತ್ರ ಇದೆ.

ಆ ಫೋಟೊಗಳು ಎರಡು ಹಳೇ ಫೋನು, ಒಂದು ಮೆಮೊರಿ ಕಾರ್ಡಿನಲ್ಲಿದ್ದವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆ ವಾರ ನದಿ ದಂಡೆಯ ಊರುಗಳಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಮಾವ ಮನೆಯ ಕಾಗದಪತ್ರದ ಜೊತೆ ಈ ಮೂರನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಮ್ಮ ಅವ್ವನ ಕೈಗೆ ಕೊಟ್ಟರು. ಮುಂದಿನ ಸಲ ಊರಿಗೆ ಹೋದಾಗ ಚೀಲ ನನಗೆ ಬಂತು.

"ಅಳಿಯಾ, ನೀ ಕಂಪ್ಯೂಟರ್‌ದಾಗ ಇರಾವ. ಇವು ನೀರಿಗೆ ಹೋಗದಂಗ ಎಲ್ಯರ ಇಡು."

ಫೋಟೊ ಆಪ್‌ಗೆ ಹಾಕಿದರೆ ಮುಗೀತಲ್ಲ ಅಂತ ನೀವು ಕೇಳಬಹುದು. ನಾನೂ ಮೊದಲು ಅದನ್ನೇ ಯೋಚಿಸಿದೆ. ಆದರೆ ಅಲ್ಲಿರೋದೆಲ್ಲ ಒಬ್ಬರ ಅಕೌಂಟಿಗೆ, ಒಂದು ನಂಬರಿಗೆ ಅಂಟಿಕೊಂಡಿರುತ್ತೆ. ಮಾವ ಈಗಾಗಲೇ ಮೂರು ನಂಬರ್ ಬದಲಿಸಿದ್ದಾರೆ. ಹಳೇ ಇಮೇಲಿನ ಓಟಿಪಿ ಯಾವ ಸಿಮ್ಮಿಗೆ ಹೋಗ್ತಿದೆಯೋ ದೇವರೇ ಬಲ್ಲ. ಮೂಲ ಫೈಲು ಮೂಲದ ಹಾಗೇ ಇರಬೇಕು, ಒಂದಲ್ಲ ಎರಡು ಊರಿನಲ್ಲಿರಬೇಕು. ಹಾಗಾಗಿ ನನಗೆ ಬರೋ ವಿದ್ಯೆಯನ್ನೇ ಹಿಡಿದೆ.

ಒಟ್ಟು ಸುಮಾರು 40 ಜಿಬಿ. ಅವ್ವನ ಮನೆಯ ನೆಟ್ಟಿನಲ್ಲಿ ಅಪ್‌ಲೋಡ್ ವೇಗ 5 ಎಂಬಿಪಿಎಸ್. ಲೆಕ್ಕ ಹಾಕಿದರೆ ಸುಮಾರು 18 ಗಂಟೆ, ಅದೂ ಕರೆಂಟ್ ಹೋಗದಿದ್ದರೆ! ಫೋಟೊಗಳ ಚಿಂತೆ ಇಲ್ಲ, ಒಂದೊಂದು ನಾಲ್ಕೈದು ಎಂಬಿ. ಕಷ್ಟ ಇದ್ದದ್ದು ವಿಡಿಯೊಗಳದ್ದು. ಬೋಟೊ3 ಎಂಟು ಎಂಬಿಗಿಂತ ದೊಡ್ಡ ಫೈಲನ್ನ ತಾನೇ ತುಂಡು ಮಾಡಿ ಕಳಿಸುತ್ತೆ. ಎರಡು ಜಿಬಿ ವಿಡಿಯೊ ಅಂದರೆ 256 ತುಂಡು. ನಡುವೆ ನೆಟ್ ತಡವರಿಸಿದರೆ ಬಿದ್ದ ತುಂಡನ್ನಷ್ಟೇ ಮತ್ತೆ ಕಳಿಸುತ್ತೆ, ಇದು ಚೆಂದ. ಆದರೆ ಲ್ಯಾಪ್‌ಟಾಪೇ ಆರಿಹೋದರೆ ಆ ಸಿದ್ಧ ಸಾಲು ಮತ್ತೆ ಒಂದನೇ ತುಂಡಿನಿಂದಲೇ ಶುರು ಮಾಡುತ್ತೆ. ಅದಕ್ಕೆ ಅದನ್ನ ಬಿಟ್ಟು, ಒಂದು ಮೆಟ್ಟಿಲು ಕೆಳಗಿಳಿದು ಬರೆದೆ: ಅಪ್‌ಲೋಡ್ ಶುರುವಾದಾಗ ಸಿಗೋ ಐಡಿಯನ್ನ ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳೋದು, ಮತ್ತೆ ಎದ್ದಾಗ ಯಾವ್ಯಾವ ತುಂಡು ತಲುಪಿದೆ ಅಂತ ಸರ್ವರ್‌ಗೇ ಕೇಳಿ ಉಳಿದದ್ದನ್ನ ಕಳಿಸೋದು. ಐವತ್ತು ಸಾಲಿನ ಕೋಡ್ ಆಯಿತು. ಆ ಎರಡು ದಿನದಲ್ಲಿ ಆರು ಸಲ ಕರೆಂಟ್ ಹೋಯಿತು, ಒಂದು ವಿಡಿಯೊನೂ ಹಿಂದಕ್ಕೆ ಬರಲಿಲ್ಲ.

ಇಲ್ಲೊಂದು ಮಾತು, ಈ ಕೆಲಸ ಮಾಡೋರಿಗೆ ಉಪಯೋಗಕ್ಕೆ ಬರುತ್ತೆ. ಅರ್ಧಕ್ಕೆ ನಿಂತ ಅಪ್‌ಲೋಡಿನ ತುಂಡುಗಳು ಬಕೆಟ್ಟಿನ ಪಟ್ಟಿಯಲ್ಲಿ ಕಾಣೋದಿಲ್ಲ, ಆದರೆ ಬಾಡಿಗೆ ಮಾತ್ರ ಓಡುತ್ತಿರುತ್ತೆ. ಏಳು ದಿನದಲ್ಲಿ ಮುಗಿಯದ್ದನ್ನ ಅಳಿಸು ಅಂತ ಒಂದು ನಿಯಮ ಹಾಕಿಬಿಡಿ.

ಹೆಸರಿಡೋ ವಿಷಯ ನನಗೆ ಇಷ್ಟವಾಯಿತು. ಎಸ್3ಯಲ್ಲಿ ಫೋಲ್ಡರ್ ಅಂತ ನಿಜವಾಗಿ ಇಲ್ಲ, ಇಡೀ ದಾರಿಯೇ ಒಂದು ಉದ್ದ ಹೆಸರು. ಅದು 1,024 ಬೈಟ್ ದಾಟಬಾರದು. ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ ಮೂರು ಬೈಟ್. 'ವಿರೂಪಾಪುರಗಡ್ಡೆ' ಅಂತ ಬರೆದರೆ 42 ಬೈಟ್. ಜಾಗ ಬೇಕಾದಷ್ಟಿದೆ, ಹಾಗಾಗಿ ಎಲ್ಲಾ ಹೆಸರೂ ಕನ್ನಡದಲ್ಲೇ ಇಟ್ಟೆ. ಆದರೆ ಗೆಳೆಯನೊಬ್ಬ ತನ್ನ ಹಳೇ ಮ್ಯಾಕ್‌ನಿಂದ ಕೊಟ್ಟ ಆನೆಗೊಂದಿಯ ಕೆಲವು ಫೋಟೊ ಸೇರಿಸಿದಾಗ 'ಆನೆಗೊಂದಿ' ಎರಡೆರಡು ಕಡೆ ಕಾಣೋಕೆ ಶುರುವಾಯಿತು. ಕಣ್ಣಿಗೆ ಎರಡೂ ಒಂದೇ. ವಿಷಯ ಏನಂದರೆ, 'ಗೊ' ಒತ್ತಿದಾಗ ಬರೋ ಒಕಾರದ ಚಿಹ್ನೆಯನ್ನ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆ ಎರಡನ್ನೂ ಜೋಡಿಸಿಯೂ ಬರೆಯಬಹುದು. ಮ್ಯಾಕ್‌ನ ಹಳೇ ಫೈಲ್ ವ್ಯವಸ್ಥೆ ಬಿಡಿಸಿ ಇಡುತ್ತೆ, ನಮ್ಮ ಕೀಬೋರ್ಡುಗಳು ಸಾಮಾನ್ಯವಾಗಿ ಕೂಡಿಸಿ ಬರೆಯುತ್ತವೆ. ಎಸ್3 ನೋಡೋದು ಬೈಟುಗಳನ್ನ. ಹೆಸರನ್ನೆಲ್ಲ ಎನ್‌ಎಫ್‌ಸಿ ರೂಪಕ್ಕೆ ತಿರುಗಿಸೋ ಒಂದು ಸಾಲು ಸೇರಿಸಿದೆ. ಕೊಪ್ಪಳದವರೂ ಕೋಲಾರದವರೂ ಇದನ್ನ ನೆನಪಿಟ್ಟುಕೊಳ್ಳಿ, ಮೈಸೂರಿನವರಿಗೂ ಈ ತಾಪತ್ರಯ ತಪ್ಪಿದ್ದಲ್ಲ.

ತಾರೀಖು ಮಾತ್ರ ಇದಕ್ಕಿಂತ ಗಟ್ಟಿ ಕಾಯಿ. ಬಕೆಟ್ಟಿಗೆ ಹೋದ ಫೈಲಿನ ಮೇಲೆ ಕಾಣೋ ದಿನಾಂಕ ಅದು ಅಲ್ಲಿಗೆ ತಲುಪಿದ ದಿನದ್ದು, ಕಾಪಿ ಮಾಡಿದರೆ ಕಾಪಿ ಮಾಡಿದ ದಿನದ್ದು. 2013ರ ಫೋಟೊ 2024ರದ್ದಾಗಿ ಕೂತಿರುತ್ತೆ. ಕ್ಯಾಮೆರಾದಿಂದ ನೇರ ಬಂದ ಫೋಟೊದ ಒಳಗೆ ತೆಗೆದ ಹೊತ್ತು ಅಡಗಿರುತ್ತೆ, ಅದು ಪುಣ್ಯ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಉದುರಿಹೋಗುತ್ತೆ, ಫೈಲಿನ ಹೆಸರಲ್ಲಿ ಒಂದು ದಿನಾಂಕ ಉಳಿಯುತ್ತೆ ಅಷ್ಟೆ. 2019ರ ಆಗಸ್ಟಿನ ಪ್ರವಾಹದ ಫೋಟೊಗಳು ಬಹಳಷ್ಟು ಹಾಗೆ ಬಂದವು. ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡು, ಹೆಲಿಕಾಪ್ಟರು ದೋಣಿಗಳಲ್ಲಿ ಅವರನ್ನ ಹೊರತಂದ ದಿನಗಳವು. ಮಾವ ಆ ದಿನಗಳಲ್ಲಿ ಎಷ್ಟು ಜನಕ್ಕೆ ಅನ್ನ ಸಾರು ಮಾಡಿದರು ಅನ್ನೋ ಲೆಕ್ಕ ಅವರಿಗೇ ಇಲ್ಲ.

ಪ್ರತಿ ಫೈಲಿಗೂ ಒಂದು ಚೀಟಿ ಅಂಟಿಸೋ ಸೌಲಭ್ಯ ಇದೆ, ಮೆಟಾಡೇಟಾ ಅಂತ. ಎಲ್ಲಾ ಸೇರಿ ಎರಡು ಕೆಬಿ ಮಿತಿ. ವಿಚಿತ್ರ ನೋಡಿ, ಹೆಸರು ಕನ್ನಡದಲ್ಲಿರಬಹುದು, ಚೀಟಿ ಇರುವಂತಿಲ್ಲ. ಕನ್ನಡ ಅಕ್ಷರ ಕಂಡ ಕೂಡಲೇ ಬೋಟೊ3 ತಕರಾರು ತೆಗೆಯುತ್ತೆ, ಯಾಕಂದರೆ ಆ ಚೀಟಿ ಹೋಗೋದು ಎಚ್‌ಟಿಟಿಪಿ ಹೆಡರ್‌ನಲ್ಲಿ. ಅದಕ್ಕೇ ಚೀಟಿಯಲ್ಲಿ ತೆಗೆದ ದಿನಾಂಕದ ಅಂಕಿಯನ್ನಷ್ಟೇ ಇಟ್ಟು, ಯಾರು, ಎಲ್ಲಿ, ಏನು ಅನ್ನೋದನ್ನ ಬೇರೊಂದು ಸಿಎಸ್‌ವಿ ಫೈಲಿನಲ್ಲಿ ಕನ್ನಡದಲ್ಲಿ ಬರೀತಿದ್ದೇನೆ.

ಕಾಪಿಗೆ ಹೆಚ್ಚು ಹೇಳೋದಿಲ್ಲ. ಮೊದಲ ಪ್ರತಿ ಮುಂಬೈ ರೀಜನ್‌ನಲ್ಲಿ, ಎರಡನೇದು ಹೈದರಾಬಾದ್‌ನಲ್ಲಿ. ಆ ಕೆಲಸ ಸರ್ವರ್‌ಗಳ ನಡುವೆಯೇ ನಡೆಯುತ್ತೆ, ಅವ್ವನ ಮನೆ ನೆಟ್ಟಿನ ಮೇಲೆ ಒಂದು ಫೋಟೊನೂ ಓಡಾಡಲಿಲ್ಲ. ಹದಿನೆಂಟು ಗಂಟೆಯ ಅಪ್‌ಲೋಡ್ ಮುಂದೆ ಅದು ಒಂದು ಚಹಾ ಹೊತ್ತು. ಎರಡೂ ಪ್ರತಿಯ ಬಾಡಿಗೆ ತಿಂಗಳಿಗೆ ಎರಡು ಡಾಲರ್ ಆಸುಪಾಸು.

ಬಕೆಟ್ ಖಾಸಗಿಯಾಗೇ ಇದೆ. ಫೋಟೊಗಳಲ್ಲಿ ನೂರಾರು ಅಪರಿಚಿತರ ಮುಖಗಳಿವೆ, ಅವರನ್ನ ಕೇಳದೆ ಊರಿಗೆಲ್ಲ ತೋರಿಸೋ ಹಕ್ಕು ನನಗಿಲ್ಲ. ಮಾವನಿಗೆ ನೋಡಬೇಕೆನಿಸಿದಾಗ ಕೋಡ್‌ನಿಂದ ಒಂದು ತಾತ್ಕಾಲಿಕ ಲಿಂಕ್ ಮಾಡಿ ಕಳಿಸ್ತೇನೆ. ಹೆಚ್ಚೆಂದರೆ ಏಳು ದಿನ ಬದುಕುತ್ತೆ. ಡೌನ್‌ಲೋಡ್ ಮಾಡಿದ ಫೈಲಿನ ಎಸ್‌ಎಚ್‌ಎ-256 ಮೊತ್ತ ಮೂಲದ ಮೊತ್ತಕ್ಕೆ ಸರಿಹೊಂದುತ್ತಾ ಅಂತ ನಾನು ಎಲ್ಲವನ್ನೂ ಒಮ್ಮೆ ತಾಳೆ ನೋಡಿದ್ದೆ. ಮಾವನ ತಾಳೆ ಬೇರೆ ಥರ. ಮೊದಲ ಲಿಂಕ್ ತೆರೆದವರೇ ಫೋನ್ ಮಾಡಿದರು.

"ಇದ್ರಾಗ ಒಲಿ ಮ್ಯಾಲಿನ ಪಾತ್ರಿ ಕಾಣ್ತೈತಿ ನೋಡು. ಅದರ ಕಿವಿ ಮುರದಿತ್ತು. ಹಂಗ ಐತಿ."

"ಮಾವಾ, ಪಕ್ಕಕ್ಕ ನಿಂತಾರಲ್ಲ, ಅವರು ಯಾರ್ರಿ?"

"ತಡಿ, ಹೇಳ್ತೀನಿ, ಬರಕೋ."

ಈಗ ಪ್ರತಿ ಭಾನುವಾರ ಊಟ ಆದ ಮೇಲೆ ಹೀಗೇ ನಡೀತಿದೆ. ನಾನು ಬೆಂಗಳೂರಲ್ಲಿ ಸಿಎಸ್‌ವಿ ತೆರೆದು ಕೂರ್ತೀನಿ, ಮಾವ ಹೇಳ್ತಾ ಹೋಗ್ತಾರೆ. ಪಾತ್ರೆ ತೊಳೀತಿದ್ದ ಹುಡುಗ ಈಗ ಸಣಾಪುರದ ಕಡೆ ಹೋಟೆಲ್ ಕೆಲಸದಲ್ಲಿದ್ದಾನಂತೆ. ದೋಣಿಯವನ ಮಗಳ ಮದುವೆಗೆ ವಿದೇಶಿಯೊಬ್ಬಳು ಸೀರೆ ಉಟ್ಟು ಬಂದಿದ್ದಳಂತೆ, ಹೆಸರು ನೆನಪಿಲ್ಲ. ಮುನ್ನೂರು ಸಾಲು ಆಗಿದೆ. ಕೆಲವು ಮುಖ ಬಂದಾಗ ಮಾವ ಸುಮ್ಮನಾಗ್ತಾರೆ, ನಾನು ಆ ಕಾಲಂ ಖಾಲಿ ಬಿಟ್ಟು ಮುಂದಿನ ಫೋಟೊಗೆ ಹೋಗ್ತೀನಿ.