ತೊಳೆಯುವುದು ಮತ್ತು ಉಜ್ಜುವುದು

ತೊಳೆಯುವುದು, ಉಜ್ಜುವುದು ಎಂಬ ಎರಡು ಕ್ರಿಯೆಗಳನ್ನು ನಿತ್ಯದ ಮಾತಿನಲ್ಲಿ ಒಂದೇ ಎಂಬಂತೆ ಬಳಸುವುದುಂಟು. ವಿಚಾರಿಸಿದರೆ ಎರಡೂ ಬೇರೆ. ವಸ್ತುವಿಗೆ ಸೇರದ ಕೊಳೆಯನ್ನು ಅದರಿಂದ ಬಿಡಿಸುವುದು ತೊಳೆಯುವಿಕೆ. ಉಜ್ಜಿ ಹೊಳಪು ಬರಿಸುವಾಗಲಾದರೋ ಕೊಳೆಯೊಡನೆ ವಸ್ತುವಿನ ಮೈಯೂ ಕಣಕಣವಾಗಿ ಸವೆಯುತ್ತದೆ. ಹಳೆಯ ಮೋಟಾರ್‌ಸೈಕಲ್ಲಿನ ಕ್ರೋಮ್ ಭಾಗಗಳನ್ನು ಕೈಯಾರೆ ಶುಚಿಗೊಳಿಸಿದವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ.

ಮೈಸೂರಿನ ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಲ್ಲಿ ಅವರ ತಂದೆಯವರು ಓಡಿಸುತ್ತಿದ್ದ ಜಾವಾ ಬೈಕೊಂದಿದೆ. ಅದೇ ಊರಿನಲ್ಲಿ ಹುಟ್ಟಿದ ಗಾಡಿ. ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಈ ಬೈಕುಗಳನ್ನು ತಯಾರಿಸಿತು. 1973ರ ಅನಂತರ ಅವು ಯೆಜ್ಡಿ ಎಂಬ ಹೆಸರಿನಿಂದ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಪೆಟ್ರೋಲ್ ಟ್ಯಾಂಕಿನ ಎರಡು ಪಾರ್ಶ್ವಗಳು, ಹೆಡ್‌ಲೈಟಿನ ಬಳೆ, ಚಕ್ರದ ರಿಮ್ಮುಗಳು, ಜೋಡಿ ಸೈಲೆನ್ಸರ್‌ಗಳು, ಇವೆಲ್ಲ ಕ್ರೋಮ್ ಲೇಪದವು. ಟ್ಯಾಂಕಿನ ಪಕ್ಕದ ರಬ್ಬರ್ ಪಟ್ಟಿಯ ಮೇಲಂಚಿನಲ್ಲಿ ಮಾತ್ರ ಅಂಗೈಯಗಲದಷ್ಟು ಜಾಗ ನಸುಹಳದಿಯಾಗಿದೆ. ತಂದೆಯವರ ಮೊಣಕಾಲು ಎಷ್ಟೋ ವರ್ಷ ತಾಗಿ ತಾಗಿ ಅಲ್ಲಿ ಕ್ರೋಮ್ ಸವೆದು, ಅಡಿಯ ನಿಕ್ಕಲ್ ಕಾಣಿಸಿಕೊಂಡಿದೆ. ಇಡೀ ಗಾಡಿಗೆ ಹೊಸದಾಗಿ ಕ್ರೋಮ್ ಹಾಕಿಸಬೇಕೆಂಬುದು ಉಪಾಧ್ಯಾಯರ ಮಗನ ಹಟ. ತಂದೆ ಮಕ್ಕಳ ನಡುವೆ ಕೆಲವು ತಿಂಗಳು ಮಾತು ಬಿಗಿಯಾದದ್ದು ಈ ಅಂಗೈಯಗಲದ ಜಾಗಕ್ಕಾಗಿಯೇ.

ಇಲ್ಲಿ ಹಿತ್ತಾಳೆಯ ಚೊಂಬನ್ನು ನೆನೆಯಬಹುದು. ಅಜ್ಜಿಯಂದಿರು ಬೂದಿ, ಹುಣಸೆಹುಳಿ ಹಚ್ಚಿ ಅದನ್ನು ದಿನವೂ ತಿಕ್ಕಿದರು, ಚೊಂಬು ಬೆಳಗಿತು. ಹಿತ್ತಾಳೆ ಹೊರಗೂ ಹಿತ್ತಾಳೆ, ಒಳಗೂ ಹಿತ್ತಾಳೆ. ಒಂದು ಪದರ ಸವೆದರೆ ಮತ್ತೊಂದು ಹಿತ್ತಾಳೆಯೇ ಮುಖ ತೋರುತ್ತದೆ. ಕ್ರೋಮ್ ಹಾಗಲ್ಲ. ಉಕ್ಕಿನ ಮೇಲೆ ಸುಮಾರು ಹತ್ತಿಪ್ಪತ್ತು ಮೈಕ್ರಾನ್ ದಪ್ಪದ ನಿಕ್ಕಲ್, ಅದರ ಮೇಲೆ ಅರ್ಧ ಮೈಕ್ರಾನನ್ನೂ ಮುಟ್ಟದ ಕ್ರೋಮ್. ತಲೆಗೂದಲೊಂದರ ದಪ್ಪದ ನೂರರಲ್ಲೊಂದು ಪಾಲೂ ಇಲ್ಲದ ಈ ಪೊರೆಯೇ ನಾವು ಕಾಣುವ ಹೊಳಪು. ಅದು ಗಟ್ಟಿ ಲೋಹ, ನಿಜ. ಆದರೆ ಪಾತ್ರೆ ತಿಕ್ಕುವ ಪುಡಿ, ಒರಟು ಉಕ್ಕಿನ ನಾರುಗಳಿಂದ ವರ್ಷಗಟ್ಟಲೆ ತಿಕ್ಕಿದರೆ ಗೀರುಬಿದ್ದು ಮಂಕಾಗುತ್ತದೆ.

ತುಕ್ಕು ಕ್ರೋಮಿನದಲ್ಲ, ಅಡಿಯಲ್ಲಿರುವ ಉಕ್ಕಿನದು. ಲೇಪದಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳಿಂದ ನೀರು ಇಳಿದು ಉಕ್ಕನ್ನು ಮುಟ್ಟುತ್ತದೆ. ತುಕ್ಕು ಅಲ್ಲಿಂದ ಮೇಲಕ್ಕೆ ಚುಕ್ಕಿಯಾಗಿ ಹೊಮ್ಮುತ್ತದೆ. ಆದುದರಿಂದ ಚುಕ್ಕಿಯನ್ನು ಅಳಿಸಬಹುದು, ರಂಧ್ರವನ್ನು ಅಳಿಸಲಾಗದು. ಉಪಾಧ್ಯಾಯರ ಕ್ರಮ ಸರಳವಾದುದು. ಮೊದಲು ಸೋಪಿನ ನೀರಿನಿಂದ ಧೂಳನ್ನು ಪೂರ್ಣ ತೊಳೆಯುತ್ತಾರೆ. ಧೂಳಿನ ಮೇಲೆ ಬಟ್ಟೆಯಾಡಿಸಿದರೆ ಧೂಳೇ ಉಪ್ಪುಕಾಗದವಾಗುತ್ತದೆ. ಸೈಲೆನ್ಸರ್ ತುದಿಯ ಎಣ್ಣೆಮಸಿಗೆ ಸೀಮೆಎಣ್ಣೆ. ಪೆಟ್ರೋಲಿನೊಡನೆ ಎಣ್ಣೆಯನ್ನೂ ಸುಡುವ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಈ ಮಸಿ ತಪ್ಪಿದ್ದಲ್ಲ. ತುಕ್ಕಿನ ಚುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆಮಾಡಿ, ನೀರಿನಲ್ಲಿ ಅದ್ದಿ, ಮೆಲ್ಲಗೆ ಆಡಿಸುತ್ತಾರೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು. ತುಕ್ಕನ್ನು ಎತ್ತುತ್ತದೆ, ಕ್ರೋಮನ್ನು ಗೀರುವುದಿಲ್ಲ. ಬಳಿಕ ತೊಳೆದು, ತೇವ ಉಳಿಯದಂತೆ ಒರೆಸಿ, ತೆಳುವಾಗಿ ಮೇಣ. ಎಂಜಿನ್ ಬಳಿಯ ಕೊಳವೆಯಲ್ಲಿ ಶಾಖದಿಂದ ಏರಿದ ನೀಲಿಬಣ್ಣದ ತಂಟೆಗೆ ಅವರು ಹೋಗುವುದಿಲ್ಲ.

ಆಯುಧಪೂಜೆಯ ಹಿಂದಿನ ದಿನ ಊರಿಗೆ ಊರೇ ಗಾಡಿ ತೊಳೆಯುತ್ತದೆ. ಮರುದಿನ ಅದೇ ಕ್ರೋಮಿಗೆ ಒದ್ದೆ ಹೂವಿನ ಹಾರ, ಅರಿಸಿನ, ಕುಂಕುಮ! ಹಾರವನ್ನು ಬಾಡಿ ಒಣಗುವವರೆಗೆ ಬಿಟ್ಟರೆ ಹೆಡ್‌ಲೈಟಿನ ಬಳೆಯ ಮೇಲೆ ಅದರ ತೇವದ ಗುರುತು ನಿಲ್ಲುತ್ತದೆ. ಪೂಜೆಗೇನೂ ಕುಂದಿಲ್ಲ, ಸಂಜೆಗೆ ತೆಗೆದು ಒರೆಸಿದರಾಯಿತು.

ಎಂಜಿನ್ನಿನ ಮುಚ್ಚಳಗಳದು ಬೇರೆ ಜಾತಿ. ಅವು ಎರಕದ ಅಲ್ಯೂಮಿನಿಯಂ, ಲೇಪವಿಲ್ಲದ ಬರಿಮೈ. ಗಾಳಿ ತಾಗಿ ಮಂಕಾದಾಗ ಪಾಲಿಶ್ ಹಾಕಿ ಉಜ್ಜಿದರೆ ಮತ್ತೆ ಬೆಳಗುತ್ತವೆ. ಆದರೆ ಬಫಿಂಗ್ ಚಕ್ರಕ್ಕೆ ಪದೇ ಪದೇ ಒಡ್ಡಿದ ಮುಚ್ಚಳಗಳಲ್ಲಿ ಎರಕದಲ್ಲಿ ಮೂಡಿದ್ದ ಉಬ್ಬಕ್ಷರಗಳ ಅಂಚು ಕರಗಿಹೋಗಿರುವುದನ್ನು ನೋಡಬಹುದು. ಕನ್ನಡಿಯಂಥ ಹೊಳಪು, ಆದರೆ ಹೆಸರನ್ನು ಓದಲು ತಡಕಾಡಬೇಕು.

ಕೊನೆಗೆ ತಂದೆ ಮಗ ಇಬ್ಬರೂ ಪ್ಲೇಟಿಂಗ್ ಮಾಡುವವರಲ್ಲಿಗೆ ಹೋದರು. ಹಳೆಯ ಲೇಪವನ್ನು ಪೂರ್ತಿ ಕಿತ್ತು, ತುಕ್ಕಿನ ಕುಳಿಗಳು ಮಾಯವಾಗುವವರೆಗೆ ಉಕ್ಕನ್ನು ಸವೆಸಿ, ಆಮೇಲೆ ನಿಕ್ಕಲ್, ಕ್ರೋಮ್ ಏರಿಸಬೇಕು. ತಗಡು ತೆಳುವಾಗದೆ ವಿಧಿಯಿಲ್ಲ ಎಂದು ಅಲ್ಲಿಯ ಕೆಲಸಗಾರರು ಮುಚ್ಚುಮರೆಯಿಲ್ಲದೆ ಹೇಳಿದರು. ಅವರ ತೊಟ್ಟಿಯಿಂದ ಏಳುವ ಆವಿಯ ವಿಚಾರವೂ ಇದೆ. ಅದರಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1990ರಲ್ಲಿಯೇ ಸಾರಿತು. ಒಬ್ಬರ ಗಾಡಿಯ ಹೊಳಪು ಮತ್ತೊಬ್ಬರ ಉಸಿರಿನ ಮೂಲಕ ಹಾದು ಬರುತ್ತದೆಂಬುದು ಅಂಗಡಿಯ ಗಾಜಿನೊಳಗೆ ಕಾಣುವುದಿಲ್ಲ.

ತುಕ್ಕು ತಿಂದು ತೂತಾಗಿದ್ದ ಸೈಲೆನ್ಸರ್‌ಗಳನ್ನು ಬದಲಿಸಲೇಬೇಕಾಯಿತು. ಹೊಸ ಜೋಡಿ ಬಂತು. ರಿಮ್ಮುಗಳನ್ನು ಪ್ಲೇಟಿಂಗಿಗೆ ಕೊಟ್ಟರು. ಟ್ಯಾಂಕನ್ನು ಕೊಡಲಿಲ್ಲ. ಉಪಾಧ್ಯಾಯರು ಅದನ್ನು ಮೊದಲಿನಂತೆಯೇ ತೊಳೆದು, ಒರೆಸಿ, ಮೇಣ ಸವರುತ್ತಾರೆ. ನಸುಹಳದಿ ಜಾಗದ ಮೇಲೆ ಪಾಲಿಶ್ ಮುಟ್ಟಿಸುವುದಿಲ್ಲ. ಹೊಸ ರಿಮ್ಮು, ಹೊಸ ಸೈಲೆನ್ಸರ್‌ಗಳ ನಡುವೆ ಟ್ಯಾಂಕು ಮಾಸಿದಂತೆ ಕಾಣುತ್ತದೆಂಬುದು ಮಗನ ಆಕ್ಷೇಪ. ಆ ಆಕ್ಷೇಪ ಸುಳ್ಳೇನಲ್ಲ.