ಹತ್ತು ಅಂಕದ ವಿಜ್ಞಾನ

ನೀರು ಹೆಪ್ಪುಗಟ್ಟುವುದು ಸೊನ್ನೆ ಡಿಗ್ರಿಗೆ, ಕುದಿಯುವುದು 100ಕ್ಕೆ ಎಂದು ನಾವೆಲ್ಲ ಕಲಿತಿದ್ದೇವೆ. ಆದರೆ 1742ರಲ್ಲಿ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ತನ್ನ ಮಾಪಕವನ್ನು ಮುಂದಿಟ್ಟಾಗ ಅದು ತಲೆಕೆಳಗಾಗಿತ್ತು. ಕುದಿಯುವ ಬಿಂದು ಸೊನ್ನೆ, ಹೆಪ್ಪುಗಟ್ಟುವ ಬಿಂದು 100! ಆಮೇಲೆ ಅದನ್ನು ತಿರುಗಿಸಿ ಬಳಸತೊಡಗಿದರು. ಹಾಗೆಂದು ಸ್ವೀಡನ್ನಿನ ಚಳಿಯೇನೂ ಕಡಿಮೆಯಾಗಲಿಲ್ಲ.

ನಮ್ಮ ಶಿಕ್ಷಣ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಯ ಉತ್ತೀರ್ಣ ಮಟ್ಟವನ್ನು ಶೇ. 35ರಿಂದ 33ಕ್ಕೆ ಇಳಿಸುವುದಾಗಿ ಪ್ರಕಟಿಸಿದಾಗ ನನಗೆ ಈ ಸಂಗತಿ ನೆನಪಾಯಿತು. 625ಕ್ಕೆ 206 ಅಂಕ ಬಂದರೆ ಪಾಸು. ಹೊರನೋಟಕ್ಕೆ ಇದು ದೊಡ್ಡ ಬದಲಾವಣೆಯಲ್ಲ. ಮೊದಲು 219 ಬೇಕಿತ್ತು, ಹದಿಮೂರು ಅಂಕ ಕಡಿಮೆಯಾಯಿತು, ಅಷ್ಟೆ. ಸಿಬಿಎಸ್‌ಇಯಲ್ಲೂ 33 ಇದೆಯಲ್ಲ ಎಂಬ ಸಮಾಧಾನವೂ ಉಂಟು.

ನಿಜವಾದ ಲೆಕ್ಕ ಇರುವುದು ಅದರ ಪಕ್ಕದ ಸಾಲಿನಲ್ಲಿ. ಪ್ರತಿ ವಿಷಯದಲ್ಲೂ ಆಂತರಿಕ ಅಂಕ ಮತ್ತು ಲಿಖಿತ ಪರೀಕ್ಷೆಯ ಅಂಕ ಎರಡೂ ಸೇರಿ ಕನಿಷ್ಠ 30 ಬಂದರೆ ಸಾಕು. ವಿಜ್ಞಾನದಲ್ಲಿ ಆಂತರಿಕ ಅಂಕ 20, ಲಿಖಿತ 80. ಶಾಲೆಯಲ್ಲಿ 20ಕ್ಕೆ 20 ಕೊಟ್ಟರೆ ಹುಡುಗ ಪರೀಕ್ಷೆಯಲ್ಲಿ ತೆಗೆಯಬೇಕಾದದ್ದು 80ಕ್ಕೆ 10. ಹಿಂದೆ ಲಿಖಿತ ಪರೀಕ್ಷೆಯೊಂದರಲ್ಲೇ 28 ಬೇಕಿತ್ತು. ಎರಡು ಪರ್ಸೆಂಟ್ ಎಂದು ಹೇಳಿದ್ದು ಎಲ್ಲಿಗೆ ಬಂದು ನಿಂತಿತು ನೋಡಿ!

ಹತ್ತು ಅಂಕ ಎಂದರೆ ಏನು? ಕಣ್ಣಿನದೋ ಹೃದಯದ್ದೋ ಒಂದು ಚಿತ್ರ, ಬಾಯಿಪಾಠ ಮಾಡಿದ ಎರಡು ವ್ಯಾಖ್ಯೆ, ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಕಣ್ಣು ಮುಚ್ಚಿ ಹಾಕಿದ ಎರಡು ಟಿಕ್ಕು. ಓಮನ ನಿಯಮ ಗೊತ್ತಿರಬೇಕಾಗಿಲ್ಲ. ರಾಸಾಯನಿಕ ಸಮೀಕರಣ ಸರಿದೂಗಿಸಬೇಕಾಗಿಲ್ಲ. ಸುದ್ದಿ ಬಂದ ವಾರವೇ ಕೊನೆಯ ಬೆಂಚಿನ ಹುಡುಗನೊಬ್ಬ, "ಸಾರ್, ಇಂಟರ್ನಲ್ಸ್ ನೀವು ಫುಲ್ ಕೊಟ್ಬಿಟ್ರೆ ಹತ್ತು ಬಂದ್ರೆ ಆಯ್ತಲ್ವಾ?" ಎಂದು ಕೇಳಿದ. ಸರ್ಕಾರದ ಆದೇಶವನ್ನು ಇಷ್ಟು ಚೊಕ್ಕವಾಗಿ ಅರ್ಥಮಾಡಿಕೊಂಡವರು ಕಡಿಮೆ. ಲೆಕ್ಕದಲ್ಲಿ ಅವನು ದಡ್ಡನಲ್ಲ ಎಂಬುದೂ ಅಂದೇ ತಿಳಿಯಿತು.

ಆಂತರಿಕ ಅಂಕ ಇರಬಾರದು ಎಂದು ನಾನು ಹೇಳುತ್ತಿಲ್ಲ. ಮಗು ಸ್ವತಃ ಸರ್ಕಿಟ್ ಜೋಡಿಸಿ ಬಲ್ಬು ಉರಿಸಿದರೆ ಅದಕ್ಕೆ ಅಂಕ ಸಿಗಲೇಬೇಕು. ಆದರೆ ಶಾಲೆಯ ಫಲಿತಾಂಶ ಕಡಿಮೆಯಾದರೆ ನೋಟಿಸು ಬರುವುದು ಮೇಷ್ಟರಿಗೇ, ಆಂತರಿಕ ಅಂಕ ತುಂಬುವ ಪೆನ್ನು ಇರುವುದೂ ಅವರ ಕೈಯಲ್ಲೇ. ಹೀಗಿರುವಾಗ ಆ ಪೆನ್ನು ಎಷ್ಟು ಬರೆಯುತ್ತದೆ ಎಂದು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಗುಡ್ಡದ ಭೂತ ಮೇಷ್ಟರ ಹೆಗಲೇರಿತು, ಅಷ್ಟೆ.

ಇದಕ್ಕೆ ಹಿನ್ನೆಲೆಯೂ ಇದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ನಕಲಿಗೆ ಕಡಿವಾಣ ಬಿತ್ತು. ಅದು ಒಳ್ಳೆಯ ಕೆಲಸ, ಮೆಚ್ಚಲೇಬೇಕು. ಆದರೆ ಫಲಿತಾಂಶ ಕುಸಿದಾಗ ಇಲಾಖೆ ಗಾಬರಿಬಿದ್ದು ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿತು. ಹಾಗಿದ್ದರೂ 2023ರಲ್ಲಿ ಶೇ. 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು. ಕೃಪಾಂಕವನ್ನು ಮುಖ್ಯಮಂತ್ರಿಗಳೇ ಆಕ್ಷೇಪಿಸಿದರು. 2025ರ ಮೊದಲ ಪರೀಕ್ಷೆಯಲ್ಲಿ ಅದಿಲ್ಲದೆ ಬಂದದ್ದು ಶೇ. 62.34. ಕ್ಯಾಮೆರಾ ಒಂದು ಸತ್ಯ ತೋರಿಸಿತ್ತು. ಅದನ್ನು ನೋಡಿ ಮಾಡಬೇಕಾದ ಕೆಲಸ ಬೇರೆ ಇತ್ತು: ಖಾಲಿ ಹುದ್ದೆ ತುಂಬುವುದು, ವರ್ಷದ ನಡುವೆ ಬರುವ ಅತಿಥಿ ಶಿಕ್ಷಕರನ್ನು ಜೂನ್ ಮೊದಲ ವಾರದಲ್ಲೇ ಕಳಿಸುವುದು, ಎಂಟನೇ ತರಗತಿಗೆ ಬಂದರೂ ಭಾಗಾಕಾರ ಬಾರದ ಮಕ್ಕಳಿಗೆ ಅಲ್ಲೇ ಕೂರಿಸಿ ಕಲಿಸುವುದು. ಇವೆಲ್ಲ ಕಷ್ಟದ ಕೆಲಸ, ದುಡ್ಡಿನ ಕೆಲಸ. ಗೆರೆ ಅಳಿಸಿ ಕೆಳಗೆ ಎಳೆಯಲು ರಬ್ಬರು ಸಾಕು.

ಇನ್ನೊಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಫೇಲಾದ ಹೆಣ್ಣುಮಕ್ಕಳಿಗೆ ಮನೆಯಲ್ಲಿ ಗಂಡು ಹುಡುಕುವುದನ್ನೂ, ಹುಡುಗರು ಗ್ಯಾರೇಜಿಗೆ ಸೇರುವುದನ್ನೂ ಬಹಳ ಕಂಡಿದ್ದೇನೆ. ಅವರಿಗೆ ಹದಿಮೂರು ಅಂಕ ಎಂದರೆ ಒಂದು ಬಾಗಿಲು. ಆದ್ದರಿಂದ 33ರ ಬಗ್ಗೆ ನನ್ನ ತಕರಾರಿಲ್ಲ. ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬರೆಯುವ ಅವಕಾಶವೂ 2024ರಿಂದ ಇದೆ. ಎಡವಿದವರು ಎದ್ದು ಬರಲು ಅದು ಮರ್ಯಾದೆಯ ದಾರಿ. ನನ್ನ ತಕರಾರು ಆ 80ಕ್ಕೆ ಹತ್ತರ ಬಗ್ಗೆ. ಲಿಖಿತ ಪರೀಕ್ಷೆಗೆ ಪ್ರತ್ಯೇಕ ಕನಿಷ್ಠ ಅಂಕ ಮತ್ತೆ ಬರಲಿ, 28 ಹೆಚ್ಚಾಯಿತೆಂದರೆ 24 ಇಡಲಿ.

ಅಲ್ಲಿಯವರೆಗೆ ಪಾಲಕರಲ್ಲಿ ಒಂದು ವಿನಂತಿ. ಮಗ ಪಾಸಾಗುತ್ತಾನಾ ಎಂದು ಮೇಷ್ಟರನ್ನು ಕೇಳಬೇಡಿ, ಹೂಂ ಎನ್ನುತ್ತಾರೆ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ಕೇಳಿ ಪಡೆಯಿರಿ. 80ಕ್ಕೆ ಎಷ್ಟು ಎಂದು ನೋಡಿ. ಹತ್ತೋ ಹನ್ನೆರಡೋ ಇದ್ದರೆ ಅಂದೇ ಸಂಜೆ ಪುಸ್ತಕ ತೆಗೆಸಿ. ಮಾರ್ಚಿಗೆ ಇನ್ನೂ ದಿನಗಳಿರುತ್ತವೆ.